ಮರಳುವ ಗಾಡಿಯಲ್ಲಿ ಜಾಗವಿದೆ

ಉಗ್ರಾಣದ ಬೀಗದ ಕೈ ನನ್ನ ಸೊಂಟದಲ್ಲಿ, ಇಪ್ಪತ್ತಾರು ವರ್ಷ.
ಯಾವ ಹರ್ಡಲಿನ ಯಾವ ಕಾಲು ಕುಂಟು,
ಯಾವ ಗುಂಡು ಸವೆದು ತೂಕ ತಪ್ಪಿದೆ,
ಕಬಡ್ಡಿ ಚಾಪೆ ಕೃಷ್ಣರಾಜಪೇಟೆಗೆ ಹೋದದ್ದು ಯಾವ ಅಮಾವಾಸ್ಯೆಗೆ,
ಬಾರದೆ ಉಳಿದದ್ದು ಯಾವ ಹೆಡ್ಮಾಸ್ಟರ ಅಟ್ಟದಲ್ಲಿ
ಭತ್ತದ ಮೂಟೆಯ ಕೆಳಗೆ,
ಎಲ್ಲ ತಲೆಯಲ್ಲೇ.
ತಲೆಗೆ ಆಡಿಟ್ ಇಲ್ಲ.

ಈಗ ನಫೀಸಾ ಬಂದಿದ್ದಾಳೆ, ಮಂಡಿ ಮೊಹಲ್ಲಾದ ಹುಡುಗಿ,
ಕೈಯಲ್ಲಿ ಸ್ಟಿಕರಿನ ಸುರುಳಿ.
ಒಂದೊಂದು ಚೌಕದೊಳಗೂ ಕಪ್ಪು ಚುಕ್ಕೆ,
ಇರುವೆ ಸಾಲು ದಾರಿ ತಪ್ಪಿ ಗುಂಪು ಕೂಡಿದ ಹಾಗೆ.
ಹರ್ಡಲಿಗೊಂದು, ಚಾಪೆಗೊಂದು, ಜಿಗಿತದ ಹಾಸಿಗೆಗೊಂದು ಅಂಟಿಸಿ
“ಅಣ್ಣಾ, ನಿಮಗೂ ಒಂದು?” ಎಂದು ನಕ್ಕಳು.
ನಾನು ನಗಲಿಲ್ಲ.
ಮನೆಗೆ ಹೋಗಿ ಬಚ್ಚಲಲ್ಲಿ ನಕ್ಕೆ.

ಅವಳ ಪರದೆಯ ಮೇಲೆ ಎರಡು ಜಿಲ್ಲೆ ಅಂಗೈಯಗಲ.
ಕೆಂಪು ಗೆರೆ ತುಂಬಿ ಹೋದ ಗಾಡಿ,
ಬೂದು ಗೆರೆ ಖಾಲಿ ಬಂದದ್ದು.
ದಸರಾ ಕ್ರೀಡಾಕೂಟದ ಹದಿನೈದು ದಿನ ಬಿಡಿಸಿ ತೋರಿಸಿದಳು:
ಒಲೆಯ ಮುಂದೆ ಕೂತ ಹಾಗಾಯಿತು, ಅಷ್ಟು ಬೂದು.
ಪಾಂಡವಪುರಕ್ಕೆ ನಾನೇ ಕಳಿಸಿದ್ದೆ ಒಂದು ವಾಲಿಬಾಲ್ ಬಲೆ,
ಇಡೀ ಟೆಂಪೋದಲ್ಲಿ ಅದೊಂದೇ.
“ಗಾಳೀನ ಡೀಸೆಲ್ ಹಾಕಿ ಸಾಗಿಸಿದ್ದೀವಿ ಅಣ್ಣಾ” ಎಂದಳು,
ಬೈಯದೆ.
ಬೈದಿದ್ದರೆ ನನ್ನ ಬಳಿ ಉತ್ತರವಿತ್ತು.

ಮಳವಳ್ಳಿ ಕಡೆಯ ಇಂಪನಾಗೆ ಕೋಲು ಬೇಕು.
ಕೋಲೂರಿ ನೆಗೆಯುವ ಹುಡುಗಿ ನಮ್ಮ ಪಟ್ಟಿಯಲ್ಲಿ ಅವಳೊಬ್ಬಳೇ,
ಕೋಲೂ ಒಂದೇ: ಹದಿಮೂರಡಿ, ಮಡಚಲು ಬಾರದ್ದು,
ಬಸ್ಸಿನ ಕಂಡಕ್ಟರಿಗೆ ಕಂಡರಾಗದ್ದು.
ಕಂಪ್ಯೂಟರು ಹೇಳಿತು: ಒಬ್ಬಳಿಗೊಂದು ಗಾಡಿ, ನಷ್ಟ; ಮುಂದಿನ ತಿಂಗಳು ನೋಡಿ.
ನಾನಂದೆ: ನಫೀಸಮ್ಮ, ಹದಿನಾರರ ಕಾಲು
ಹದಿನೇಳಕ್ಕೆ ಬೇರೆಯೇ ಭಾರ.
ಅವಳು ತಲೆ ಕೆರೆದುಕೊಂಡಳು. ನಾನೂ.

ಆಗ ಹೊಳೆಯಿತು
(ನನಗೋ ಅವಳಿಗೋ, ಈಗಲೂ ಜಗಳವಿದೆ):
ಬಂಡೀಪಾಳ್ಯದಲ್ಲಿ ಬೆಲ್ಲ ಇಳಿಸಿದ ಕ್ಯಾಂಟರುಗಳು
ಬನ್ನೂರಿನ ಮೇಲೆ ಖಾಲಿ ಹೋಗುತ್ತವಲ್ಲ, ದಿನಾ!
ಆ ದಾರಿ ಅವಳ ನಕ್ಷೆಯಲ್ಲಿಲ್ಲ, ನನ್ನ ತಲೆಯಲ್ಲಿದೆ.
ಮರೀಗೌಡನದು ಮಂಗಳವಾರ,
ಕುಳ್ಳ ಸಿದ್ದಪ್ಪಾಜಿಯದು ಮಳೆ ಇಲ್ಲದಿದ್ದರೆ ಶುಕ್ರವಾರ,
ಇನ್ನೊಬ್ಬನದು ಹೆಂಡತಿ ತವರಿಗೆ ಹೋದಾಗ ಮಾತ್ರ.
ನಾನು ಹೇಳುತ್ತ ಹೋದೆ, ಅವಳು ಕುಟ್ಟುತ್ತ ಹೋದಳು.
ಇಪ್ಪತ್ತಾರು ವರ್ಷ ಖಾಲಿಯಾಗುವುದು ಹೀಗೆ,
ಟಕಟಕ ಸದ್ದಿನಲ್ಲಿ. ನೋವಿಲ್ಲ.
ಚೂರು ಇತ್ತು.

ಸಂಜೆಗೆ ಪರದೆ ಎಂದಿತು:
ಮರಳುವ ಗಾಡಿಯಲ್ಲಿ ಜಾಗವಿದೆ.

ಮರೀಗೌಡನ ಫೋನಿನ ಕಣ್ಣು ಒಡೆದಿತ್ತು,
ಕೋಲಿನ ಚೌಕವನ್ನು ಗುರುತು ಹಿಡಿಯದು.
ಕ್ಲೀನರ್ ಹುಡುಗ ತನ್ನದು ಹಿಡಿದ; ಟಿಂಗ್.
ಹದಿನಾಲ್ಕಡಿ ಗಾಡಿ, ಹದಿಮೂರಡಿ ಕೋಲು,
ಜಾತಕ ಕೂಡಿಬಂದ ಹಾಗೆ.
ಬಾಡಿಗೆ ಎಷ್ಟಪ್ಪ ಎಂದರೆ
“ಹೆಂಗೂ ಹೋಯ್ತಿತ್ತು ಕಣಣ್ಣ, ಒಂದು ಟೀ ಕೊಡ್ಸು.”

ರಾತ್ರಿ ಇಂಪನಾ ಫೋನು:
“ಕೋಲು ಬಂತು ಸಾರ್. ಇರುವೇನೂ ಬಂದ್ವು.”
ಬೆಲ್ಲದ ಜೋನಿ ಅಂಟಿದ ಕೋಲಿನುದ್ದಕ್ಕೂ ಕಪ್ಪು ಸಾಲಂತೆ,
ನಫೀಸಾಳ ಚುಕ್ಕೆಗಳೇ ಚೌಕ ಬಿಟ್ಟೆದ್ದು ನಡೆದವೋ ಏನೋ.
ಒದ್ದೆ ಬಟ್ಟೆಯಲ್ಲಿ ಮೂರು ಸಲ ಒರೆಸಿದಳಂತೆ,
ಇನ್ನೂ ಅಂಟಂಟು.
“ಹಿಡಿತ ಚೆನ್ನಾಗೈತೆ ಸಾರ್!”

ತಿಂಗಳ ಕೊನೆಗೆ ಲೆಕ್ಕ ಬಂತು: ಉಳಿದ ಡೀಸೆಲ್ ಲೀಟರಿನಲ್ಲಿ,
ಏಳದ ಹೊಗೆ ಕಿಲೋ ಲೆಕ್ಕದಲ್ಲಿ.
ಹೊಗೆಯನ್ನು ತೂಗುವುದು ನನಗಿನ್ನೂ ಒಗ್ಗಿಲ್ಲ.
ಏಳದ ಹೊಗೆಯನ್ನಂತೂ ಯಾವ ತಕ್ಕಡಿಗೆ ಹಾಕಲಿ?
ಆದರೂ ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡೆ.

ಒಂದು ಕಬಡ್ಡಿ ಚಾಪೆ ಮಾತ್ರ ಪರದೆಯಲ್ಲಿ ಮಿನುಗುತ್ತಲೇ ಇದೆ,
‘ಎಲ್ಲಿದೆ ತಿಳಿಯದು’.
ನಫೀಸಾ ಎರಡು ಸಲ ಕೇಳಿದಳು. ನಾನು ಕಿಟಕಿ ನೋಡಿದೆ.
ಆ ಹೆಡ್ಮಾಸ್ಟರು ನನ್ನ ಭಾವ.
ಇವತ್ತು ಬೆಳಿಗ್ಗೆ, ಕೇಳದೆಯೇ, ಫೋನು ನಡುಗಿತು:
ಕೃಷ್ಣರಾಜಪೇಟೆಯಿಂದ, ಗುರುವಾರ,
ಮರಳುವ ಗಾಡಿಯಲ್ಲಿ ಜಾಗವಿದೆ.